ಹಾಡು ಮದ್ದಿನ ಜೊತೆಗಿರಲಿ: ಮನೆಯಲ್ಲೇ ಸಂಗೀತವನ್ನು ಆರೋಗ್ಯಕ್ಕೆ ಬಳಸುವ ಬಗೆ

ನಮ್ಮ ಕಡೆ ಸಂಗೀತ ಎಂದ ಕೂಡಲೇ ದೊಡ್ಡ ಹೆಸರುಗಳು ನೆನಪಾಗುತ್ತವೆ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಧಾರವಾಡದ ಮಲ್ಲಿಕಾರ್ಜುನ ಮನಸೂರ, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ. ಹೆಮ್ಮೆ ಪಡಬೇಕಾದದ್ದೇ. ಆದರೆ ಈ ಹೆಮ್ಮೆಯ ಜೊತೆಗೇ ಒಂದು ತೀರ್ಮಾನವೂ ಮನೆಮನೆಗೆ ಬಂದುಬಿಟ್ಟಿದೆ: ಹಾಡುವುದು ಬಲ್ಲವರ ಕೆಲಸ, ನಮ್ಮದು ಕೇಳುವುದಷ್ಟೇ ಅಂತ. ಬೀಸುವ ಕಲ್ಲಿನ ಮುಂದೆ ಕೂತ ಅಜ್ಜಿ ಹಾಡುತ್ತಿದ್ದಳು. ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತ ಅಜ್ಜ ಹಂತಿ ಪದ ಹೇಳುತ್ತಿದ್ದ. ಇವರು ಯಾರ ಹತ್ತಿರವೂ ಕಲಿತವರಲ್ಲ. ಹಾಡಿದರೆ ಕೆಲಸದ ಭಾರ ಕಡಿಮೆಯಾಗುತ್ತಿತ್ತು, ಅದಕ್ಕೇ ಹಾಡುತ್ತಿದ್ದರು.

ಈ ಮಾರ್ಗದರ್ಶಿ ಬರೆಯುತ್ತಿರುವುದು ಅಂಥ ಮನೆಗಳಿಗಾಗಿ. ನಿದ್ದೆ ಬಾರದವರು, ಲಕ್ವಾ ಹೊಡೆದು ಮಾತು ನಿಂತವರು, ಮರೆವು ಬಂದ ಹಿರಿಯರು, ಬಾಣಂತಿಯರು, ಒಂಟಿಯಾಗಿ ಕೂತವರು. ಸಂಗೀತ ಇವರ ಕಾಯಿಲೆಯನ್ನು ತಾನಾಗಿಯೇ ವಾಸಿ ಮಾಡುವುದಿಲ್ಲ. ಡಾಕ್ಟರ ಚಿಕಿತ್ಸೆಯ ಪಕ್ಕದಲ್ಲಿ ಇದ್ದರೆ ಮಾತ್ರ ನಿಜವಾಗಿ ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ ವರದಿ ಕೊಟ್ಟಿತು. ಕಾಯಿಲೆ ಬರದಂತೆ ನೋಡಿಕೊಳ್ಳುವುದರಿಂದ ಹಿಡಿದು ಬಂದ ಕಾಯಿಲೆಯ ಆರೈಕೆಯವರೆಗೆ ಕಲೆಗೆ ಒಂದು ಪಾತ್ರವಿದೆ ಎಂದು ಅದರಲ್ಲಿದೆ.

ರಾಗದ ಪಟ್ಟಿ ಪಕ್ಕಕ್ಕಿಡಿ

ಬಿಪಿಗೆ ಈ ರಾಗ, ಸಕ್ಕರೆ ಕಾಯಿಲೆಗೆ ಆ ರಾಗ, ಮೊಣಕಾಲು ನೋವಿಗೆ ಇನ್ನೊಂದು. ಇಂಥ ಪಟ್ಟಿ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ, ಅಲ್ವಾ? ಒಂದು ರಾಗ ಒಂದು ಕಾಯಿಲೆಯನ್ನು ಗುಣಪಡಿಸುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಯಾವ ರಾಗವನ್ನು ಯಾವ ಹೊತ್ತಿಗೆ ಹಾಡಬೇಕು ಎನ್ನುವುದು ಹಿಂದೂಸ್ತಾನಿ ಸಂಗೀತದ ಸುಂದರ ಸಂಪ್ರದಾಯ. ಅದನ್ನು ಔಷಧಿ ಚೀಟಿಯ ಹಾಗೆ ಓದಬಾರದು.

ಹಾಗಾದರೆ ಏನು ಕೆಲಸ ಮಾಡುತ್ತದೆ? ನನ್ನ ತಿಳುವಳಿಕೆಯಲ್ಲಿ ಎರಡು ಸಂಗತಿ. ಒಂದು, ಹಾಡಿನ ವೇಗ. 2006ರಲ್ಲಿ ಇಟಲಿಯ ಸಂಶೋಧಕರು ಬೇರೆ ಬೇರೆ ಬಗೆಯ ಸಂಗೀತ ಕೇಳಿಸಿ ಜನರ ಉಸಿರು, ನಾಡಿ, ರಕ್ತದೊತ್ತಡ ಅಳೆದರು. ವೇಗದ ಸಂಗೀತಕ್ಕೆ ಎಲ್ಲವೂ ಏರಿದವು. ನಡುವೆ 2 ನಿಮಿಷ ಸಂಗೀತ ನಿಲ್ಲಿಸಿದಾಗ ಶುರುವಿಗಿಂತಲೂ ಕೆಳಗೆ ಇಳಿದವು. ಅಂದರೆ ಹಾಡು ನಿಂತ ಮೇಲಿನ ಮೌನಕ್ಕೂ ಬೆಲೆಯಿದೆ. ಒಂದು ಮುಗಿಯುತ್ತಿದ್ದ ಹಾಗೆ ಇನ್ನೊಂದು ಶುರುವಾಗುವಂತೆ ಇಡಬೇಡಿ.

ಎರಡನೆಯದು, ಆ ಹಾಡಿನ ಜೊತೆ ಆ ಮನುಷ್ಯನಿಗಿರುವ ನಂಟು. ಇದೇ ಹೆಚ್ಚು ಮುಖ್ಯ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕಾಯಿಲೆ ನೋಡಿ ಹಾಡು ಹುಡುಕಬೇಡಿ, ಮನುಷ್ಯನನ್ನು ನೋಡಿ ಹುಡುಕಿ.

ಮೊದಲ ಹೆಜ್ಜೆ: ಅವರ ಹಾಡು ಯಾವುದು?

ಒಂದು ನೋಟ್‌ಬುಕ್ ತಗೊಳ್ಳಿ. ಯಾರಿಗಾಗಿ ಮಾಡುತ್ತಿದ್ದೀರೋ ಅವರ ಪಕ್ಕ ಕೂತು ಮಾತಾಡಿಸಿ. "ನಿನಗೆ ಯಾವ ಹಾಡು ಇಷ್ಟ?" ಎಂದು ಕೇಳಿದರೆ ಬಹಳ ಸಲ "ಯಾವುದಾದರೂ ಆಗ್ತದ" ಎಂಬ ಉತ್ತರ ಬರುತ್ತದೆ. ಬೇರೆ ರೀತಿ ಕೇಳಿ. ಮದುವೆಯಲ್ಲಿ ಯಾವ ಹಾಡು ಹೇಳಿದ್ದರು? ಸಾಲಿಯಲ್ಲಿ ಏನು ಹಾಡಿಸುತ್ತಿದ್ದರು? ಊರಿಗೆ ಬಂದ ನಾಟಕ ಕಂಪನಿಯ ಯಾವ ಪದ ಬಾಯಲ್ಲಿ ಉಳಿಯಿತು? ಶ್ರಾವಣದ ಭಜನೆಯಲ್ಲಿ ಮೊದಲು ಯಾವುದನ್ನು ಎತ್ತಿಕೊಳ್ಳುತ್ತಿದ್ದರು? ರೇಡಿಯೋ ಮನೆಗೆ ಬಂದಾಗ ಏನು ಕೇಳುತ್ತಿದ್ದರು?

ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಜಾಸ್ತಿ ಗಟ್ಟಿಯಾಗಿ ಉಳಿಯುತ್ತವೆ. ಲೆಕ್ಕ ಸುಲಭ. 1947ರಲ್ಲಿ ಹುಟ್ಟಿದವರಿಗೆ 1957ರಿಂದ 1977ರ ನಡುವಿನ ಹಾಡುಗಳನ್ನು ಹುಡುಕಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ರೇಡಿಯೋ ಸಿಲೋನಿನಲ್ಲಿ ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾ ಶುರುವಾದದ್ದು 1952ರಲ್ಲಿ. ಹಾಗಾಗಿ ನಮ್ಮ ಕಡೆಯ ಹಿರಿಯರ ಪಟ್ಟಿಯಲ್ಲಿ ಶಿಶುನಾಳ ಶರೀಫರ ತತ್ವಪದದ ಪಕ್ಕದಲ್ಲೇ ಹಳೆಯ ಹಿಂದಿ ಸಿನಿಮಾ ಹಾಡು, ಅದರ ಪಕ್ಕದಲ್ಲಿ ಮರಾಠಿ ಅಭಂಗ ಬಂದರೆ ಆಶ್ಚರ್ಯ ಪಡಬೇಡಿ. ಎಲ್ಲವನ್ನೂ ಬರೆದುಕೊಳ್ಳಿ. ಬೇಡವಾದ ಹಾಡುಗಳನ್ನೂ ಬರೆದುಕೊಳ್ಳಿ. ತೀರಿಹೋದ ಮಗನ ನೆನಪು ತರುವ ಹಾಡು ಎಷ್ಟೇ ಇಂಪಾಗಿರಲಿ, ಅವರೇ ಕೇಳುವವರೆಗೆ ಅದನ್ನು ಹಾಕುವುದು ಬೇಡ.

ನಿದ್ದೆಗೆ

ಮಲಗುವ ಮುಂಚೆ ದಿನಾ ಸಂಗೀತ ಕೇಳಿದವರು ನಿದ್ದೆ ಚೆನ್ನಾಗಿ ಬಂತು ಎಂದು ಹೇಳುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಸಾಮಾನ್ಯವಾಗಿ ದಿನಕ್ಕೆ 25 ನಿಮಿಷದಿಂದ ಒಂದು ತಾಸು. ಒಂದು ರಾತ್ರಿ ಕೇಳಿ ಬಿಟ್ಟರೆ ಗೊತ್ತಾಗುವುದಿಲ್ಲ, ಕೆಲವು ವಾರ ಮಾಡಬೇಕು.

ಹಿಂದೂಸ್ತಾನಿ ಕೇಳುವವರಿಗೆ ಒಂದು ಕಿವಿಮಾತು. ವಿಲಂಬಿತ ಖ್ಯಾಲ್, ಅಂದರೆ ನಿಧಾನ ಲಯದ ಗಾಯನ, ನಿದ್ದೆಗೆ ಚೆಂದ. ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯವರು ಒಂದೊಂದೇ ಸ್ವರವನ್ನು ನಿಧಾನವಾಗಿ ಬೆಳೆಸುತ್ತ ಹೋಗುವಾಗ ಕೇಳುವವರ ಉಸಿರೂ ನಿಧಾನವಾಗುತ್ತದೆ. ಆದರೆ ಆ ಧ್ವನಿಮುದ್ರಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಅರ್ಧ ತಾಸಿನ ನಂತರ ವೇಗದ ಭಾಗವಾದ ದ್ರುತ್ ಬರುತ್ತದೆ, ತಾನ್‌ಗಳು ಬರುತ್ತವೆ, ಕೆಲವೊಮ್ಮೆ ತರಾನಾ ಬರುತ್ತದೆ. ಆಗಷ್ಟೇ ಕಣ್ಣು ಹತ್ತಿದವರು ಎದ್ದು ಕೂರುತ್ತಾರೆ. ಅದಕ್ಕೆ ವಿಲಂಬಿತ್ ಮುಗಿಯುವ ಹೊತ್ತನ್ನು ಮೊದಲೇ ನೋಡಿಟ್ಟುಕೊಂಡು ಫೋನಿನಲ್ಲಿ ಟೈಮರ್ ಇಡಿ. ಜಾಹೀರಾತು ನಡುವೆ ಬರದಂತೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಫೋನನ್ನು ಕೈಗೆ ಸಿಗದಷ್ಟು ದೂರ, ಪರದೆ ಕೆಳಗಾಗಿ ಇಡಿ. ಇಯರ್‌ಫೋನ್ ಹಾಕಿಕೊಂಡು ಮಲಗುವುದು ಬೇಡ. ಬರೀ ತಂಬೂರಿ ಆ್ಯಪ್ ಹಚ್ಚಿಟ್ಟು ಮಲಗುವವರೂ ಇದ್ದಾರೆ, ಅದೂ ಒಳ್ಳೆಯದೇ.

ಪಕ್ಕಾ ಗಾಯನ ಹಿಡಿಸದವರಿಗೆ ಒತ್ತಾಯ ಮಾಡಬೇಡಿ. ನಿಧಾನವಾದ, ದನಿ ಒಮ್ಮೆಲೇ ಏರದ ಯಾವ ಹಾಡಾದರೂ ಆದೀತು.

ಉಸಿರಿಗೆ, ಆತಂಕಕ್ಕೆ: ಗುನುಗಿ, ಆಮೇಲೆ ಹಾಡಿ

ಕೇಳುವುದಕ್ಕಿಂತ ಹಾಡುವುದರಲ್ಲಿ ದೇಹಕ್ಕೆ ಕೆಲಸ ಜಾಸ್ತಿ. ಹಾಡುವಾಗ ಒಳಗೆ ಬೇಗ ಉಸಿರೆಳೆದುಕೊಂಡು ಹೊರಗೆ ನಿಧಾನವಾಗಿ, ಉದ್ದಕ್ಕೆ ಬಿಡುತ್ತೇವೆ. ಈ ಉದ್ದನೆಯ ಹೊರಉಸಿರೇ ಮೈಯನ್ನು ಶಾಂತ ಮಾಡುವುದು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಪಮಾಲೆಯ ಪ್ರಾರ್ಥನೆ ಮತ್ತು ಯೋಗದ ಮಂತ್ರವನ್ನು ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕೂತು ಎಲ್ಲರ ಜೊತೆ ನಿಧಾನವಾಗಿ 'ಓಂ ನಮಃ ಶಿವಾಯ' ಹೇಳಿದವರಿಗೆ ಆ ಸಮಾಧಾನದ ಪರಿಚಯವಿದ್ದೇ ಇರುತ್ತದೆ.

ಮನೆಯಲ್ಲಿ ಹೀಗೆ ಶುರು ಮಾಡಿ. ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕೂಡಿ, ಪಾದ ನೆಲಕ್ಕೆ ತಾಗಿರಲಿ. ಹೆಗಲು ಸಡಿಲ ಬಿಡಿ. ತಂಬೂರಿ ಆ್ಯಪಿನಲ್ಲಿ ನಿಮ್ಮ ದನಿಗೆ ಹೊಂದುವ ಶ್ರುತಿ ಹಚ್ಚಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರಿಗೆ ಹೆಚ್ಚಾಗಿ ಬಿಳಿ ಒಂದರಿಂದ ಕಪ್ಪು ಎರಡರ ನಡುವೆ, ಹೆಂಗಸರಿಗೆ ಕಪ್ಪು ನಾಲ್ಕರ ಆಸುಪಾಸು ಹೊಂದುತ್ತದೆ. ಗಂಟಲಿಗೆ ಎಳೆತ ಆಗುತ್ತಿದ್ದರೆ ಇನ್ನೂ ಕೆಳಗಿಳಿಸಿ. ತುಟಿ ಮುಚ್ಚಿ, ಹಲ್ಲು ಕಚ್ಚದೆ, ಷಡ್ಜದಲ್ಲಿ, ಅಂದರೆ 'ಸಾ' ಸ್ವರದಲ್ಲಿ, 'ಮ್' ಎಂದು ಗುನುಗಿ. ಮೂಗಿನ ಮೇಲೆ ಬೆರಳಿಟ್ಟರೆ ನಡುಕ ಗೊತ್ತಾಗಬೇಕು. ಉಸಿರು ಮುಗಿಯುವ ಮುಂಚೆಯೇ ನಿಲ್ಲಿಸಿ. ಮತ್ತೆ ಮೂಗಿನಿಂದ ಉಸಿರೆಳೆದುಕೊಳ್ಳಿ. ಹೀಗೆ 5 ನಿಮಿಷ. ಗುನುಗುವಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುಮ್ಮನೆ ಉಸಿರಾಡುವಾಗಿಗಿಂತ ಹಲವು ಪಟ್ಟು ಹೆಚ್ಚುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು.

ಆಮೇಲೆ ನಿಮಗೆ ಬಾಯಿಪಾಠ ಬರುವ ಒಂದು ಹಾಡು ಎತ್ತಿಕೊಳ್ಳಿ. ವಚನ, ತತ್ವಪದ, ಸಿನಿಮಾ ಹಾಡು, ಯಾವುದಾದರೂ ಸರಿ. ಸಾಲಿನ ನಡುವೆ ಉಸಿರು ತುಂಡಾಗದಂತೆ ಹಾಡಲು ನೋಡಿ. ಮೊದಲ ವಾರ ಅರ್ಧ ಸಾಲಿಗೇ ಉಸಿರು ಬೇಕಾದರೆ ಅರ್ಧ ಸಾಲಿಗೇ ತಗೊಳ್ಳಿ. ಅಸ್ತಮಾ ಅಥವಾ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರುವವರು ತಲೆ ಸುತ್ತಿದರೆ ಕೂಡಲೇ ನಿಲ್ಲಿಸಬೇಕು. ಇನ್‌ಹೇಲರ್ ಪಂಪ್ ಕೈಗೆ ಸಿಗುವಂತಿರಲಿ.

"ನನ್ನ ದನಿ ಚೆಂದಿಲ್ಲ" ಎಂದು ಬಹಳ ಜನ ಇಲ್ಲಿಗೇ ನಿಂತುಬಿಡುತ್ತಾರೆ. ಗಂಗೂಬಾಯಿ ಹಾನಗಲ್ ಅವರ ಎಳವೆಯ ತೆಳು ದನಿ ಗಂಟಲಿನ ಚಿಕಿತ್ಸೆಯ ನಂತರ ಭಾರವಾಯಿತು. ಆ ಭಾರದ ದನಿಯಲ್ಲೇ ಅವರು ಜೀವನವಿಡೀ ಹಾಡಿದರು, ಜಗತ್ತು ಕೇಳಿತು. ನಿಮ್ಮ ಹಾಡನ್ನು ಯಾರೂ ಕೇಳಬೇಕಾಗಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಹಾಡಿ, ಲಾಭ ಕಡಿಮೆಯಾಗುವುದಿಲ್ಲ.

ಲಕ್ವಾ ಹೊಡೆದವರ ಜೊತೆ

ಈ ಭಾಗವನ್ನು ನಿಧಾನವಾಗಿ ಓದಿ. ಇಲ್ಲಿ ಮನೆಯವರು ಮಾಡಬಹುದಾದದ್ದು ಬಹಳ ಇದೆ.

ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ಮಾತು ನಿಲ್ಲಬಹುದು. ಎಲ್ಲ ಅರ್ಥವಾಗುತ್ತದೆ, ಹೇಳಲು ಹೋದರೆ ಶಬ್ದ ಹೊರಡುವುದಿಲ್ಲ. ಅದೇ ಮನುಷ್ಯ ಗೊತ್ತಿರುವ ಭಜನೆಯನ್ನು ಶಬ್ದಗಳ ಸಮೇತ ಹಾಡಿಬಿಡಬಹುದು. ಹಾಡುವಾಗ ಮೆದುಳಿನ ಬಲಭಾಗವೂ ದುಡಿಯುವುದರಿಂದ ಇದು ಸಾಧ್ಯ ಎನ್ನುತ್ತಾರೆ. ಇದನ್ನೇ ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಒಂದು ಮಾತಿನ ಚಿಕಿತ್ಸೆಯನ್ನು ರೂಪಿಸಿದರು. ಮೊದಲ ಪಾಠ ಸ್ಪೀಚ್ ಥೆರಪಿಸ್ಟ್ ಹತ್ತಿರವೇ ಆಗಲಿ. ಮನೆಯಲ್ಲಿ ಅಭ್ಯಾಸ ಮಾಡಿಸುವ ರೀತಿ ಹೀಗಿದೆ.

ದಿನಬಳಕೆಯ ಒಂದು ಚಿಕ್ಕ ಮಾತು ಆರಿಸಿ. 'ನೀರು ಬೇಕು' ಎಂದಿಟ್ಟುಕೊಳ್ಳಿ. ಅಪ್ಪನ ಎದುರಿಗೆ, ಬಾಯಿ ಕಾಣುವ ಹಾಗೆ ಕೂಡಿ. ಅವರ ಎಡಗೈ ನಿಮ್ಮ ಕೈಯಲ್ಲಿರಲಿ. ಎರಡೇ ಸ್ವರ ಸಾಕು, ಒಂದು ಮೇಲೆ, ಒಂದು ಕೆಳಗೆ. ನೀ-ರು-ಬೇ-ಕು. ಒಂದೊಂದು ಅಕ್ಷರಕ್ಕೆ ಅವರ ಎಡಗೈಯನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿಸಿ. ಮೊದಲು ನೀವು ಬರೀ ಗುನುಗಿ. ಆಮೇಲೆ ಶಬ್ದ ಹಾಕಿ ಇಬ್ಬರೂ ಒಟ್ಟಿಗೆ ಹಾಡಿ. ಅವರಿಗೆ ಹಿಡಿತ ಸಿಕ್ಕಿದ ಮೇಲೆ ಅರ್ಧದಲ್ಲಿ ನಿಮ್ಮ ದನಿ ಇಳಿಸಿ, ಅವರೇ ಮುಗಿಸಲಿ. ನಂತರ ನೀವು ಹಾಡಿ ತೋರಿಸಿ, ಅವರು ಒಬ್ಬರೇ ಹೇಳಲಿ. ಕೊನೆಗೆ ಕೇಳಿ: "ಏನು ಬೇಕಪ್ಪಾ?" ಉತ್ತರ ಬಂದ ಕೂಡಲೇ ನೀರಿನ ತಂಬಿಗೆ ಕೈಗೆ ಕೊಡಿ. ಹೇಳಿದ್ದು ಸಿಕ್ಕಿತು ಎನ್ನುವುದು ದೊಡ್ಡ ಬಲ. ವಾರಗಟ್ಟಲೆ ಒಂದೇ ಮಾತಿನಲ್ಲಿ ನಿಂತಿದ್ದರೂ ಬೇಸರ ಮುಖದಲ್ಲಿ ಕಾಣಿಸಬೇಡಿ. ನೀರು ನುಂಗಲು ತೊಂದರೆ ಇರುವವರಾದರೆ ಈ ಮಾತು ಬೇಡ, 'ಫ್ಯಾನು ಹಾಕು' ಎಂಬಂಥದ್ದನ್ನು ಆರಿಸಿ.

ಕೇಳುವುದೂ ನೆರವಾಗುತ್ತದೆ. 2008ರಲ್ಲಿ ಫಿನ್‌ಲ್ಯಾಂಡಿನಿಂದ ಬಂದ ಒಂದು ಅಧ್ಯಯನದಲ್ಲಿ, ಲಕ್ವಾ ಆದ ಹೊಸದರಲ್ಲೇ ಎರಡು ತಿಂಗಳು ದಿನಾ ಒಂದು ತಾಸಾದರೂ ತಮ್ಮಿಷ್ಟದ ಸಂಗೀತ ಕೇಳಿದವರ ನೆನಪು ಮತ್ತು ಗಮನ ಉಳಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಖಿನ್ನತೆಯೂ ಕಡಿಮೆಯಿತ್ತು. ಗಮನಿಸಿ, ಅವರು ಆರಿಸಿಕೊಂಡದ್ದು ತಮ್ಮಿಷ್ಟದ ಸಂಗೀತ.

ಪಾರ್ಕಿನ್ಸನ್ಸ್ ಇದ್ದು ಹೆಜ್ಜೆ ತಡವರಿಸುವವರಿಗೆ ತಾಳ ನೆರವಾಗುತ್ತದೆ. ಒಂದು ನಿಮಿಷಕ್ಕೆ ಅವರು ಎಷ್ಟು ಹೆಜ್ಜೆ ಇಡುತ್ತಾರೆ ಎಣಿಸಿ. 80 ಇದ್ದರೆ ಒಂದೇ ಸಮ ತಾಳ ಬಡಿಯುವ ಮೆಟ್ರೊನೋಮ್ ಆ್ಯಪನ್ನು 80ಕ್ಕೇ ಇಡಿ. ಒಂದೊಂದು ಬಡಿತಕ್ಕೆ ಒಂದು ಹೆಜ್ಜೆ. ಅದು ಹೊಂದಿಕೊಂಡ ಮೇಲೆ 84, ನಂತರ 88. ಭಜನೆಯ ತಾಳವೇ ಇದ್ದರೆ ಇನ್ನೂ ಚೆಂದ. ಬೀಳದಂತೆ ಒಬ್ಬರು ಪಕ್ಕದಲ್ಲೇ ನಡೆಯಬೇಕು. ಫಿಸಿಯೋಥೆರಪಿಸ್ಟ್‌ಗೆ ಹೇಳಿಯೇ ಶುರು ಮಾಡಿ.

ಮರೆವು ಬಂದ ಹಿರಿಯರಿಗೆ

ಮಕ್ಕಳ ಹೆಸರು ಮರೆತವರಿಗೂ ಹಳೆಯ ಹಾಡು ನೆನಪಿರುತ್ತದೆ. ಮೊದಲ ಹೆಜ್ಜೆಯ ಪಟ್ಟಿ ಇಲ್ಲಿ ಕೈಹಿಡಿಯುತ್ತದೆ. ಸಂಜೆ ಹೊತ್ತು ಮುಳುಗುವಾಗ ಹಲವರಿಗೆ ಗಾಬರಿ ಹೆಚ್ಚುತ್ತದೆ. "ಮನೀಗೆ ಹೋಗ್ತೀನಿ" ಎಂದು ಏಳುತ್ತಾರೆ, ಕೂತಿರುವುದು ತಮ್ಮ ಮನೆಯಲ್ಲೇ ಆದರೂ. ಆ ಗಾಬರಿ ಶುರುವಾಗುವ ಅರ್ಧ ತಾಸು ಮುಂಚೆ ಟಿವಿ ಬಂದ್ ಮಾಡಿ. ಒಂದೇ ಹಾಡು ಹಾಕಿ, ದನಿ ಕಡಿಮೆ ಇರಲಿ. ಪಕ್ಕದಲ್ಲಿ ಕೂತು ನೀವೂ ಹಾಡಿ. ಕೈ ಹಿಡಿಯಲು ಬಿಟ್ಟರೆ ಹಿಡಿದು ತಾಳ ಹಾಕಿ. "ಈ ಹಾಡು ಯಾವುದು ಹೇಳು ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. ತುಟಿ ಅಲ್ಲಾಡಿದರೆ, ಬೆರಳು ತೊಡೆ ಮೇಲೆ ತಟ್ಟಿದರೆ ಅಷ್ಟೇ ಸಾಕು. ಮುಖ ಸಿಂಡರಿಸಿದರೆ, ಎದ್ದು ಹೋಗಲು ನೋಡಿದರೆ ನಿಲ್ಲಿಸಿ, ನಾಳೆ ಬೇರೆ ಹಾಡು. ಕಿವಿ ಕೇಳುವ ಮಿಷನ್ ಇದ್ದರೆ ಹಾಕಿದ್ದಾರಾ, ಅದರಲ್ಲಿ ಸೆಲ್ ಇದೆಯಾ ಎಂದು ಮೊದಲು ನೋಡಿ.

ಬಾಣಂತಿ ಮತ್ತು ಕೂಸಿಗೆ

ಜೋಗುಳ ಕೂಸಿಗಷ್ಟೇ ಎಂದು ನಾವು ತಿಳಿದಿದ್ದೇವೆ. ತಾಯಿಗೂ ಅದು ಬೇಕು. ಹೆರಿಗೆಯ ನಂತರ ಖಿನ್ನತೆಯ ಲಕ್ಷಣಗಳಿದ್ದ ತಾಯಂದಿರನ್ನು ಇಂಗ್ಲೆಂಡಿನಲ್ಲಿ ಗುಂಪಾಗಿ ಕೂಡಿಸಿ ಹಾಡಿಸಿದರು. ಹೆಚ್ಚು ಕಷ್ಟದಲ್ಲಿದ್ದವರು ಬೇಗ ಚೇತರಿಸಿಕೊಂಡರು ಎಂದು 2018ರಲ್ಲಿ ಪ್ರಕಟವಾಯಿತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ತಂದೆ-ತಾಯಿ ಆರಿಸಿದ ಜೋಗುಳ ಕೇಳಿಸಿದಾಗ ಹಾಲು ಕುಡಿಯುವುದು, ಮಲಗುವುದು ಸುಧಾರಿಸಿದ್ದನ್ನು ಅಮೆರಿಕದ 11 ಆಸ್ಪತ್ರೆಗಳ ಅಧ್ಯಯನವೊಂದು 2013ರಲ್ಲಿ ತೋರಿಸಿತು.

ತವರಿಗೆ ಬಂದ ಮಗಳ ಕೋಣೆಯಲ್ಲಿ ಸಂಜೆ ಅವ್ವ, ಅತ್ತಿಗೆ, ಓಣಿಯ ಒಬ್ಬಿಬ್ಬರು ಹೆಂಗಸರು ಕಾಲು ತಾಸು ಕೂತು ಹಾಡಲಿ. ಕೂಸು ತಾಯಿಯ ಎದೆಗಿರಲಿ, ಫೋನು ಹೊರಗಿರಲಿ. ಹದಿನೈದು ದಿನ ಕಳೆದರೂ ಆಕೆ ಅಳುತ್ತಲೇ ಇದ್ದರೆ, ಕೂಸನ್ನು ಎತ್ತಿಕೊಳ್ಳಲು ಮನಸ್ಸಾಗದಿದ್ದರೆ ಡಾಕ್ಟರ ಹತ್ತಿರ ಕರೆದೊಯ್ಯಬೇಕು. "ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ" ಎಂದು ಕೂರಬೇಡಿ.

ಗುಂಪು ಕಟ್ಟಿ

ಒಂಟಿತನಕ್ಕೆ ಭಜನೆಗಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ನೋಡಿಲ್ಲ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಯಾರ ತಪ್ಪೂ ಎದ್ದು ಕಾಣುವುದಿಲ್ಲ. ಹಾಡಲು ಬಾರದವರ ಕೈಗೆ ತಾಳ ಕೊಡಬಹುದು, ದಪ್ಪು ಕೊಡಬಹುದು. ಎಲ್ಲರಿಗೂ ಒಂದು ಕೆಲಸವಿದೆ. ಹಾವೇರಿ, ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಇದು ಇನ್ನೂ ಉಳಿದಿದೆ. ಹುಬ್ಬಳ್ಳಿಯ ಹೊಸ ಬಡಾವಣೆಗಳಲ್ಲಿ ನಾವೇ ಶುರು ಮಾಡಬೇಕು. ಐದಾರು ಜನ, ವಾರಕ್ಕೊಂದು ಸಂಜೆ, ಒಂದು ತಾಸು. ಮೈಕ್ ಬೇಡ. ಕೊನೆಗೆ ಚಹಾ ಇರಲಿ. ಒಬ್ಬರು ಎರಡು ವಾರ ಬರಲಿಲ್ಲ ಎಂದರೆ ಯಾರಾದರೂ ಮನೆಗೆ ಹೋಗಿ ಬರಲಿ.

ದೇವರ ನಾಮ ಬೇಡ ಎನ್ನುವವರು ಜಾನಪದ ಹಾಡಲಿ, ಭಾವಗೀತೆ ಹಾಡಲಿ. ಕಲಿಯುವ ಆಸೆ ಇರುವವರು ಅರವತ್ತರ ನಂತರವೂ ಹಾರ್ಮೋನಿಯಂ ಅಥವಾ ತಬಲಾ ಹಿಡಿಯಬಹುದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಒಮ್ಮೆ ನೋಡಿ ಬನ್ನಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ನಡೆಸಿದ್ದು. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಸಂಗೀತ ಕಲಿತು ತಮ್ಮ ಕಾಲ ಮೇಲೆ ನಿಂತರು. ಸಂಗೀತ ಮನುಷ್ಯನನ್ನು ಹೇಗೆ ಎತ್ತಿ ನಿಲ್ಲಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ವಾಕಿಂಗ್. ನಿಮಿಷಕ್ಕೆ 100 ಹೆಜ್ಜೆ ಎಂದರೆ ಸಾಕಷ್ಟು ಚುರುಕಿನ ನಡಿಗೆ. ಆ ವೇಗದ ಡೊಳ್ಳಿನ ಹಾಡು ಹಚ್ಚಿಕೊಂಡರೆ ಉಣಕಲ್ ಕೆರೆಯ ಸುತ್ತು ಬೇಗ ಮುಗಿಯುತ್ತದೆ. ರಸ್ತೆಯಲ್ಲಿ ನಡೆಯುವವರು ಇಯರ್‌ಫೋನ್ ತೆಗೆದಿಡಿ.

ಕಿವಿಯ ಬಗ್ಗೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ತಾಸು ಮಾತ್ರ. ಗಣಪತಿ ಮೆರವಣಿಗೆಯ ಡಿಜೆ ಇದಕ್ಕಿಂತ ಬಹಳ ಮೇಲಿರುತ್ತದೆ. ಎದೆ ಅದುರುತ್ತಿದೆ ಎಂದರೆ ದೂರ ಸರಿಯಿರಿ. ಕೂಸುಗಳನ್ನು, ಹೃದಯದ ತೊಂದರೆ ಇರುವವರನ್ನು ಅದರ ಹತ್ತಿರ ಕರೆದೊಯ್ಯಲೇಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದು ಎಂಬ ಕೇಂದ್ರದ ನಿಯಮ 2000ದಿಂದಲೇ ಇದೆ. ಭಜನೆಗೂ ಅದು ಅನ್ವಯಿಸುತ್ತದೆ. ಫೋನಿನ ವಾಲ್ಯೂಮ್ ಅರ್ಧದಿಂದ ಸ್ವಲ್ಪ ಮೇಲಿದ್ದರೆ ಸಾಕು. ಕೇಳಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ಜಾಸ್ತಿಯಾಯಿತು ಎಂದೇ ಅರ್ಥ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ದುಃಖದ ಹಾಡು ಕೇಳಿ ಅತ್ತರೆ ಹಗುರವಾಗುವವರಿದ್ದಾರೆ. ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಕೋಣೆಯಿಂದ ಹೊರಗೆ ಬಾರದವರೂ ಇದ್ದಾರೆ. ಕೇಳಿದ ನಂತರ ಮನಸ್ಸು ಹೇಗಿದೆ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಿ. ವಾರದ ಕೊನೆಗೆ ಓದಿದರೆ ಯಾವ ಹಾಡು ಎತ್ತುತ್ತಿದೆ, ಯಾವುದು ಕೆಳಗೆಳೆಯುತ್ತಿದೆ ಎಂದು ಗೊತ್ತಾಗುತ್ತದೆ. ಖಿನ್ನತೆಯ ಚಿಕಿತ್ಸೆ ಪಡೆಯುತ್ತಿರುವವರಿಗೆ ಅದರ ಜೊತೆ ಸಂಗೀತ ಚಿಕಿತ್ಸೆಯೂ ಸೇರಿದರೆ ಹೆಚ್ಚು ಅನುಕೂಲ ಎಂದು ಅಧ್ಯಯನಗಳು ಹೇಳುತ್ತವೆ. ಮಾತ್ರೆ ಬಿಟ್ಟು ಹಾಡು ಹಿಡಿಯಿರಿ ಎಂದು ಅವು ಹೇಳುವುದಿಲ್ಲ. ಸಂಗೀತ ಕೇಳಿದಾಗಲೇ ಫಿಟ್ಸ್ ಬರುವ ಅಪರೂಪದ ತೊಂದರೆಯೊಂದಿದೆ. ಅಂಥದ್ದು ಕಂಡರೆ ನರರೋಗ ತಜ್ಞರಿಗೆ ಹೇಳಿ. ಆಪರೇಷನ್ ಇದ್ದರೆ ಮುಂಚೆ, ಆಮೇಲೆ ಇಷ್ಟದ ಹಾಡು ಕೇಳಲು ಬಿಡುತ್ತೀರಾ ಎಂದು ಡಾಕ್ಟರನ್ನು ಕೇಳಿ. ನೋವು ಮತ್ತು ಆತಂಕ ಎರಡೂ ಕಡಿಮೆಯಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಮನಸ್ಸಿನ ತೊಂದರೆಗೆ ಧಾರವಾಡದಲ್ಲೇ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಹೋಗಲು ಆಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಎಂಬ ಮಾತು ಯಾರ ಬಾಯಿಂದಾದರೂ ಬಂದರೆ ಹಾಡು, ಭಜನೆ ಎಲ್ಲ ಆಮೇಲೆ. ಅವರನ್ನು ಒಬ್ಬರೇ ಬಿಡದೆ ಮೊದಲು ಆ ನಂಬರಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.